ಶರಾವತಿ ಹಿನ್ನೀರಿಗೆ ಅಗ್ಗದ ಚಾರ್ಟ್ ಪ್ಲಾಟರ್: ತಂತ್ರಾಂಶದ ಆಯ್ಕೆ, ನಕ್ಷೆಯ ತಯಾರಿ, ದೋಣಿಗೆ ಜೋಡಣೆ

ಲಿಂಗನಮಕ್ಕಿ ಹಿನ್ನೀರಿನಲ್ಲಿ ದೋಣಿ ನಡೆಸುವವರಿಗೆ ದಾರಿ ತಪ್ಪುವ ಭಯ ದೊಡ್ಡದಲ್ಲ. ಹೊಳೆಬಾಗಿಲಿನಲ್ಲಿ ನಿಂತರೆ ಎದುರು ದಡ ಕಣ್ಣಿಗೇ ಕಾಣುತ್ತದೆ. ಭಯ ಇರುವುದು ನೀರಿನ ಅಡಿಗೆ. 1964ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಕಾಡು, ಗದ್ದೆ, ತೋಟ, ರಸ್ತೆಗಳ ಜೊತೆಗೆ ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಗಾಳಿಯಾಡದ ನೀರಿನಲ್ಲಿ ಗಟ್ಟಿ ಜಾತಿಯ ಮರ ಬೇಗ ಕೊಳೆಯುವುದಿಲ್ಲ. ಅರವತ್ತು ವರ್ಷ ಕಳೆದರೂ ಬೊಡ್ಡೆಗಳು ನಿಂತಲ್ಲೇ ನಿಂತಿವೆ. ತುಂಬಿದ ಹಿನ್ನೀರಿನಲ್ಲಿ ಅಕ್ಟೋಬರಿನಲ್ಲಿ ಸಲೀಸಾಗಿ ಹೋದ ದಾರಿಯಲ್ಲೇ ಫೆಬ್ರವರಿಯಲ್ಲಿ ಹೋದರೆ ಪ್ರೊಪೆಲರ್ ಚೂರಾಗಬಹುದು.

ಚಾರ್ಟ್ ಪ್ಲಾಟರ್ ಎಂದರೆ ದೋಣಿ ಇರುವ ಜಾಗವನ್ನು ನಕ್ಷೆಯ ಮೇಲೆ ತೋರಿಸುವ ಪರದೆ. ಆದ್ದರಿಂದ ಅದಕ್ಕೆ ಇಲ್ಲಿ ಬೇಕಾದ ತಂತ್ರಾಂಶ ಯಾವುದು ಎನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಇವತ್ತಿನ ನೀರಿನ ಮಟ್ಟಕ್ಕೆ ಎಲ್ಲೆಲ್ಲಿ ಆಳ ಸಾಲದು ಎಂದು ತೋರಿಸುವ ನಕ್ಷೆ ಎಲ್ಲಿಂದ ಬರುತ್ತದೆ? ಅಂಗಡಿಯಲ್ಲಿ ಸಿಗುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ತಂತ್ರಾಂಶಕ್ಕೆ ಖರ್ಚು ಸೊನ್ನೆ, ನಕ್ಷೆಗೆ ಒಂದು ಬೇಸಿಗೆಯ ದುಡಿಮೆ. ಲೆಕ್ಕ ಇಷ್ಟೇ.

ಕೆಲಸಕ್ಕೆ ಕೈ ಹಾಕುವ ಮುಂಚಿನ ಮಾತು: ಜಲಾಶಯ ಕರ್ನಾಟಕ ವಿದ್ಯುತ್ ನಿಗಮದ್ದು, ದಡದ ಕೆಲವು ಭಾಗ ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರುತ್ತದೆ. ದೋಣಿ ಇಳಿಸಲು, ದಡದಲ್ಲಿ ಓಡಾಡಲು ಬೇಕಾದ ಅನುಮತಿ ಮೊದಲೇ ಪಡೆಯಿರಿ. ದೋಣಿಯಲ್ಲಿ ಎಷ್ಟು ಜನರೋ ಅಷ್ಟು ಲೈಫ್ ಜಾಕೆಟ್ ಇರಲಿ. ಪರದೆಯ ಮೇಲಿನ ನಕ್ಷೆ ಅದರ ಬದಲಿಯಲ್ಲ.

ಯಾವ ತಂತ್ರಾಂಶ, ಏಕೆ

ಅಂತರಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದ ನೀರಿಗೆ ಬರೆದವು. ಅಲ್ಲಿ ಸರ್ಕಾರವೇ ಎಲೆಕ್ಟ್ರಾನಿಕ್ ಚಾರ್ಟುಗಳನ್ನು ಪುಕ್ಕಟೆ ಕೊಡುತ್ತದೆ, ಹಾಗಾಗಿ ಯಾವ ತಂತ್ರಾಂಶ ಹಾಕಿದರೂ ನಕ್ಷೆ ತಾನಾಗಿ ಬಂದು ಕೂರುತ್ತದೆ. ನಮ್ಮ ಕರಾವಳಿಯ ಅಧಿಕೃತ ಚಾರ್ಟುಗಳನ್ನು ಡೆಹ್ರಾಡೂನಿನ ರಾಷ್ಟ್ರೀಯ ಜಲಮಾಪನ ಕಚೇರಿ ಸಿದ್ಧಪಡಿಸುತ್ತದೆ. ಅವು ಸಮುದ್ರಕ್ಕೆ. ಘಟ್ಟದ ಮೇಲಿನ ಜಲಾಶಯಕ್ಕೆ ಅವುಗಳಿಂದ ಉಪಯೋಗವಿಲ್ಲ. ಚಂದಾ ಕಟ್ಟಿ ಬಳಸುವ ನ್ಯಾವಿಯಾನಿಕ್ಸ್‌ನಂಥವನ್ನು ಕೊಳ್ಳುವ ಯೋಚನೆಯಿದ್ದರೆ, ದುಡ್ಡು ಕೊಡುವ ಮೊದಲು ಅವರ ಚಾರ್ಟ್ ವೀಕ್ಷಕದಲ್ಲಿ ತುಮರಿ ಸುತ್ತಲಿನ ನೀರನ್ನು ದೊಡ್ಡದು ಮಾಡಿ ನೋಡಿ. ಆಳದ ಗೆರೆ ಕಾಣದಿದ್ದರೆ ಅಲ್ಲಿಗೆ ಆ ವಿಚಾರ ಬಿಡಿ.

ಹಾಗಾದರೆ ತಂತ್ರಾಂಶದಿಂದ ಬೇಕಾಗಿರುವುದು ನಾಲ್ಕೇ ಗುಣ. ನಾವು ಮಾಡಿದ ನಕ್ಷೆಯನ್ನು ನುಂಗಬೇಕು. ಇಂಟರ್ನೆಟ್ ಇಲ್ಲದೆ ಓಡಬೇಕು, ಏಕೆಂದರೆ ಹಿನ್ನೀರಿನ ನಡುವೆ ಮೊಬೈಲ್ ಸಿಗ್ನಲ್ಲನ್ನು ನಂಬುವಂತಿಲ್ಲ. ಸಾಮಾನ್ಯ ಜಿಪಿಎಸ್ ತುಣುಕಿನ ಮಾತು ಅದಕ್ಕೆ ಅರ್ಥವಾಗಬೇಕು. ಅಪಾಯದ ಜಾಗ ಹತ್ತಿರ ಬಂದಾಗ ಸದ್ದು ಮಾಡಬೇಕು.

ಈ ನಾಲ್ಕಕ್ಕೂ ಓಪನ್‌ಸಿಪಿಎನ್ ಸರಿಹೊಂದುತ್ತದೆ. ಇದು ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್, ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಎಲ್ಲದರ ಮೇಲೂ ಪುಕ್ಕಟೆ ಓಡುತ್ತದೆ. ಆಂಡ್ರಾಯ್ಡ್ ಆವೃತ್ತಿಗೆ ಮಾತ್ರ ಸ್ವಲ್ಪ ಹಣ. ಎಂಬಿಟೈಲ್ಸ್ ಎಂಬ ಚಿತ್ರ-ನಕ್ಷೆಯ ಕಡತವನ್ನು ನೇರವಾಗಿ ತೆರೆಯುತ್ತದೆ, ನಮ್ಮ ಕೆಲಸ ನಿಂತಿರುವುದೇ ಆ ಕಡತದ ಮೇಲೆ.

ಎರಡನೆಯ ಆಯ್ಕೆ ಅವ್‌ನ್ಯಾವ್. ಪೈ ಮೇಲೆ ಓಡಿಸಿ, ಅದೇ ದೋಣಿಯ ವೈಫೈ ಮೂಲಕ ಫೋನಿನ ಬ್ರೌಸರಿನಲ್ಲಿ ನಕ್ಷೆ ನೋಡಬಹುದು, ಪರದೆಯ ಖರ್ಚು ಉಳಿಯುತ್ತದೆ. ಕ್ಯೂಟಿವಿಎಲ್‌ಎಂ ಕೂಡ ಒಳ್ಳೆಯ ತಂತ್ರಾಂಶವೇ, ಆದರೆ ಅದರ ಶಕ್ತಿಯೆಲ್ಲ ಇರುವುದು ಹವಾಮಾನ ನೋಡಿ ಹಾಯಿದೋಣಿಯ ದಾರಿ ಲೆಕ್ಕ ಹಾಕುವುದರಲ್ಲಿ, ನಮಗೆ ಅದು ಬೇಡ. ಸೀಕ್ಲಿಯರ್ ಹಳೆಯದಾಯಿತು, ಹೊಸದಾಗಿ ಶುರುಮಾಡುವವರು ಅದರ ಗೋಜಿಗೆ ಹೋಗಬೇಕಿಲ್ಲ. ಕದ್ದು ಹಂಚುವ ಸಿಎಂ93 ಚಾರ್ಟುಗಳನ್ನು ಯಾರಾದರೂ ಪೆನ್‌ಡ್ರೈವಿನಲ್ಲಿ ಕೊಟ್ಟರೆ ಬೇಡ ಎನ್ನಿ. ಸಮುದ್ರದಲ್ಲೂ ಅವು ಹಳಸಿದ ಮಾಹಿತಿ.

ಓಪನ್‌ಸಿಪಿಎನ್ ಮೊದಲ ಸಲ ತೆರೆದಾಗ ಅದರೊಳಗಿನ ಪ್ರಪಂಚದ ನಕ್ಷೆಯಲ್ಲಿ ಮಲೆನಾಡೆಲ್ಲ ಬರೀ ನೆಲವಾಗಿ ಕಾಣುತ್ತದೆ, ನಿಮ್ಮ ದೋಣಿ ಒಣನೆಲದ ಮೇಲೆ ಕುಳಿತಿರುತ್ತದೆ. ಗಾಬರಿ ಬೇಡ. ಆ ನಕ್ಷೆ ಸಮುದ್ರದ ಕರಾವಳಿಗೆ ಮಾಡಿದ್ದು. ಇದೇ ಕಾರಣಕ್ಕೆ, ದಡ ಹತ್ತಿರ ಬಂದಾಗ ಎಚ್ಚರಿಸುವ ಸಿದ್ಧ ಅಲಾರಂ ಇಲ್ಲಿ ಕೆಲಸಕ್ಕೆ ಬಾರದು. ಅದರ ಬದಲಿ ವ್ಯವಸ್ಥೆ ಮುಂದೆ ಬರುತ್ತದೆ.

ಜಿಪಿಎಸ್ ತುಣುಕು

ಯು-ಬ್ಲಾಕ್ಸ್ 7 ಅಥವಾ 8 ಚಿಪ್ ಇರುವ ಯುಎಸ್‌ಬಿ ಜಿಪಿಎಸ್ ಸಾಕು, ಸಾವಿರದಿಂದ ಎರಡು ಸಾವಿರ ರೂಪಾಯಿಯ ಆಸುಪಾಸಿನ ವಸ್ತು. ಪೆನ್‌ಡ್ರೈವಿನಂತೆ ನೇರ ಚುಚ್ಚುವ ಮಾದರಿಗಿಂತ ಎರಡು ಮೀಟರ್ ವೈರಿನ ತುದಿಯಲ್ಲಿ ಅಯಸ್ಕಾಂತದ ಬಿಲ್ಲೆಯಿರುವ ಮಾದರಿ ಒಳ್ಳೆಯದು. ಅದನ್ನು ದೋಣಿಯ ಮೇಲುಹೊದಿಕೆಯ ಮೇಲೆ, ಆಕಾಶ ಕಾಣುವಲ್ಲಿ ಕೂರಿಸಬಹುದು. ತಗಡಿನ ಹೊದಿಕೆಯ ಕೆಳಗಿಟ್ಟರೆ ಸಿಗ್ನಲ್ ಹೋಗುತ್ತದೆ.

ವಿಂಡೋಸಿನಲ್ಲಿ ಎಲ್ಲರೂ ಮುಗ್ಗರಿಸುವ ಜಾಗ ಒಂದಿದೆ. ತುಣುಕು ಚುಚ್ಚಿದೊಡನೆ ವಿಂಡೋಸ್ ತಾನಾಗಿ ‘ಲೊಕೇಶನ್ ಸೆನ್ಸರ್’ ಡ್ರೈವರ್ ಹಾಕಿಬಿಡುತ್ತದೆ, ಆಗ ಜಿಪಿಎಸ್ ಮಾಹಿತಿ ತಂತ್ರಾಂಶಕ್ಕೆ ಬರುವ ದಾರಿಯಾದ ಕಾಮ್ ಪೋರ್ಟ್ ಹುಟ್ಟುವುದೇ ಇಲ್ಲ, ಓಪನ್‌ಸಿಪಿಎನ್‌ಗೆ ಜಿಪಿಎಸ್ ಕಾಣುವುದಿಲ್ಲ. ಡಿವೈಸ್ ಮ್ಯಾನೇಜರ್ ತೆರೆದು, ಆ ಸೆನ್ಸರಿನ ಮೇಲೆ ಬಲಗುಂಡಿ ಒತ್ತಿ, ಅಪ್‌ಡೇಟ್ ಡ್ರೈವರ್ ಆಯ್ದು, ಕಂಪ್ಯೂಟರಿನಲ್ಲೇ ಇರುವ ಪಟ್ಟಿಯಿಂದ ‘ಯುಎಸ್‌ಬಿ ಸೀರಿಯಲ್ ಡಿವೈಸ್’ ಎನ್ನುವುದನ್ನು ಹಾಕಿ. ಪೋರ್ಟುಗಳ ಪಟ್ಟಿಯಲ್ಲಿ ಅಂಕಿಯೊಂದು ಬರುತ್ತದೆ, ಬರೆದಿಟ್ಟುಕೊಳ್ಳಿ. ಇನ್ನೊಂದು ತೊಂದರೆ: ಕಂಪ್ಯೂಟರ್ ಶುರುವಾಗುವಾಗಲೇ ಜಿಪಿಎಸ್ ಚುಚ್ಚಿದ್ದರೆ ವಿಂಡೋಸ್ ಅದನ್ನು ಹಳೆಯ ಕಾಲದ ಸೀರಿಯಲ್ ಮೌಸ್ ಎಂದು ತಿಳಿದು, ಬಾಣದ ಗುರುತು ಪರದೆ ತುಂಬ ಕುಣಿಯುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಸುಳ್ಳು ಮೌಸನ್ನು ‘ಡಿಸೇಬಲ್’ ಮಾಡಿ. ತೆಗೆದುಹಾಕಿದರೆ ಮತ್ತೆ ಬರುತ್ತದೆ.

ಓಪನ್‌ಸಿಪಿಎನ್‌ನಲ್ಲಿ ಆಪ್ಷನ್ಸ್, ಕನೆಕ್ಷನ್ಸ್, ಹೊಸ ಕನೆಕ್ಷನ್, ಸೀರಿಯಲ್. ಪೋರ್ಟ್ ಅಂಕಿ ಕೊಡಿ, ಪ್ರೊಟೊಕಾಲ್ ಎನ್‌ಎಂಇಎ 0183 (ದೋಣಿಯ ಉಪಕರಣಗಳು ಪರಸ್ಪರ ಮಾತಾಡುವ ಭಾಷೆ), ವೇಗ 9600. ಹಳೆಯ ಸಿರ್ಫ್ ಚಿಪ್ಪಿನ ತುಣುಕಾದರೆ 4800. ವೇಗ ತಪ್ಪಿದರೆ ಎನ್‌ಎಂಇಎ ಕಿಟಕಿಯಲ್ಲಿ ಅರ್ಥವಿಲ್ಲದ ಚಿಹ್ನೆಗಳು ಸುರಿಯುತ್ತವೆ. ಏನೂ ಬರದಿದ್ದರೆ ಪೋರ್ಟ್ ತಪ್ಪು. ಸಾಲುಗಳು ಸರಿಯಾಗಿ ಬಂದರೂ ದೋಣಿಯ ಗುರುತು ಬೂದು ಬಣ್ಣದಲ್ಲೇ ಇದ್ದರೆ ಉಪಗ್ರಹ ಇನ್ನೂ ಹಿಡಿದಿಲ್ಲ, ಬಯಲಿನಲ್ಲಿ ಐದು ನಿಮಿಷ ಕಾಯಿರಿ. ಮೂರೂ ಬೇರೆ ಬೇರೆ ರೋಗ, ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ.

ನಕ್ಷೆ: ಜಲಾಶಯ ತನ್ನ ಆಳವನ್ನು ತಾನೇ ಬರೆಯುತ್ತದೆ

ಲಿಂಗನಮಕ್ಕಿಯ ತುಂಬಿದ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಅಂದರೆ 554.4 ಮೀಟರ್. ಮಳೆಗಾಲ ಮುಗಿದ ಮೇಲೆ ವಿದ್ಯುತ್ತಿಗಾಗಿ ನೀರು ಬಿಡುತ್ತ ಬಿಡುತ್ತ ಮಟ್ಟ ಮೇ ತಿಂಗಳವರೆಗೂ ಇಳಿಯುತ್ತದೆ. ಹೀಗೆ ಇಳಿಯುವಾಗ ಪ್ರತಿದಿನದ ನೀರಂಚು ಒಂದೊಂದು ಸಮಮಟ್ಟದ ಗೆರೆ. ಮಟ್ಟ 1795 ಇರುವ ದಿನ ಉಪಗ್ರಹ ತೆಗೆದ ಚಿತ್ರದಲ್ಲಿ ನೀರಿನ ಅಂಚನ್ನು ಗೆರೆಯಾಗಿ ಎಳೆದರೆ, ಆ ಗೆರೆಯ ಮೇಲೆ ನೆಲದ ಎತ್ತರ ಎಲ್ಲೆಡೆ 1795 ಅಡಿ. ಸೋನಾರ್ ಇಲ್ಲ, ಸರ್ವೇ ಇಲ್ಲ. ಎಂಟು ಹತ್ತು ದಿನಾಂಕದ ಚಿತ್ರ ಸಿಕ್ಕರೆ ಎಂಟು ಹತ್ತು ಗೆರೆ ಸಿಕ್ಕಿದಂತೆ.

ಚಿತ್ರ ಕೊಡುವುದು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು. ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಖಾತೆ ತೆರೆದರೆ ಪುಕ್ಕಟೆ ಇಳಿಸಿಕೊಳ್ಳಬಹುದು, ಬಳಸಲು ಹಂಚಲು ಅಡ್ಡಿಯಿಲ್ಲ. ಗೂಗಲ್ ನಕ್ಷೆಯ ಚಿತ್ರಗಳನ್ನು ಸಾಮೂಹಿಕವಾಗಿ ಇಳಿಸಿಕೊಳ್ಳುವುದು ಅವರ ನಿಯಮಕ್ಕೆ ವಿರುದ್ಧ, ಅದಲ್ಲದೆ ಅಲ್ಲಿ ಚಿತ್ರದ ದಿನಾಂಕ ನಮ್ಮ ಕೈಯಲ್ಲಿಲ್ಲ. ದಿನಾಂಕ ಗೊತ್ತಿಲ್ಲದ ಚಿತ್ರಕ್ಕೆ ಮಟ್ಟ ಹೇಳಲಾಗದು, ಮಟ್ಟ ಗೊತ್ತಿಲ್ಲದ ಗೆರೆಗೆ ಬೆಲೆಯಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಚ್ಚಿರುತ್ತದೆ, ಆ ತಿಂಗಳುಗಳನ್ನು ಬಿಟ್ಟುಬಿಡಿ. ಅಕ್ಟೋಬರ್ ಕೊನೆಯಿಂದ ಮೇ ಕೊನೆಯವರೆಗೆ, ಮೋಡ ಶೇಕಡ 5ಕ್ಕಿಂತ ಕಡಿಮೆ ಎಂದು ಶೋಧಿಸಿ. ಪ್ರತಿ ದಿನಾಂಕದ ಜಲಾಶಯ ಮಟ್ಟ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ದಿನವಹಿ ಪಟ್ಟಿಯಲ್ಲೂ ಪತ್ರಿಕೆಗಳಲ್ಲೂ ಬರುತ್ತದೆ. ಉಪಗ್ರಹ ಹಾಯುವುದು ಬೆಳಿಗ್ಗೆ ಸುಮಾರು ಹನ್ನೊಂದಕ್ಕೆ. ಬೆಳಗಿನ ಮಟ್ಟಕ್ಕೂ ಅದಕ್ಕೂ ಬೇಸಿಗೆಯಲ್ಲಿ ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟಿಲ್ಲ. ಐದು ಅಡಿ ಇಳಿತಕ್ಕೊಂದು ಚಿತ್ರ ಆರಿಸಿ. ಎಲ್ಲ ಒಂದೇ ವರ್ಷದ್ದಾಗಬೇಕಿಲ್ಲ. ಮಳೆ ಕೈಕೊಟ್ಟ ವರ್ಷದ ಮುಂದಿನ ಬೇಸಿಗೆ ನಮಗೆ ಬಂಗಾರ. 2023ರ ಬರದ ನಂತರದ 2024ರ ಏಪ್ರಿಲ್, ಮೇ ಚಿತ್ರಗಳನ್ನು ಮೊದಲು ನೋಡಿ.

ಪ್ರತಿ ದಿನಾಂಕಕ್ಕೆ ಎರಡೇ ಪಟ್ಟಿ (ಬ್ಯಾಂಡ್) ಸಾಕು: ಹಸಿರು ಬೆಳಕಿನ ಪಟ್ಟಿ 3, ಅವಕೆಂಪಿನ (ಇನ್‌ಫ್ರಾರೆಡ್) ಪಟ್ಟಿ 8. ಎರಡೂ ಹತ್ತು ಮೀಟರ್ ವಿವರದವು. ಕ್ಯೂಜಿಐಎಸ್ ಎಂಬ ಪುಕ್ಕಟೆ ನಕ್ಷೆ ತಂತ್ರಾಂಶದಲ್ಲಿ ತೆರೆದು, ರಾಸ್ಟರ್ ಕ್ಯಾಲ್ಕ್ಯುಲೇಟರಿನಲ್ಲಿ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿ, ಹಸಿರಿನಿಂದ ಅವಕೆಂಪನ್ನು ಕಳೆಯುವ ಕ್ರಮದಲ್ಲಿ. ಫಲ ಸೊನ್ನೆಗಿಂತ ಹೆಚ್ಚಿದ್ದರೆ ನೀರು, ಕಡಿಮೆಯಿದ್ದರೆ ನೆಲ. ನೀರು ಅವಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಗಿಡಮರ ಅದನ್ನು ಎರಚುತ್ತದೆ. ಸೂತ್ರ ನಿಂತಿರುವುದು ಅಷ್ಟರ ಮೇಲೆ.

ಇಲ್ಲಿ ಕೆಡುವ ಸಂಗತಿಗಳನ್ನು ನಿಧಾನವಾಗಿ ಹೇಳಬೇಕು. ಡಿಸೆಂಬರ್, ಜನವರಿಯಲ್ಲಿ ಸೂರ್ಯ ತಗ್ಗಿನಲ್ಲಿರುವುದರಿಂದ ಗುಡ್ಡದ ನೆರಳು ನೀರಿನಂತೆ ಕಾಣುತ್ತದೆ. ತುಂಬಿದ ಕಾಲದ ಅಕ್ಟೋಬರ್ ಚಿತ್ರದ ನೀರಿನ ಹೊರಗೆ ಬಿದ್ದ ‘ನೀರು’ ಎಲ್ಲವನ್ನೂ ಅಳಿಸಿಬಿಡಿ, ಈ ಕಾಟ ಮುಗಿಯುತ್ತದೆ. ತೇಲುವ ಕಳೆ ಮತ್ತು ಪಾಚಿ ನೆಲದಂತೆ ಕಾಣುತ್ತವೆ. ಒಂದೇ ದಿನಾಂಕದಲ್ಲಿ ಹುಟ್ಟಿದ ನಡುಗಡ್ಡೆ ಮುಂದಿನ, ಅಂದರೆ ನೀರು ಇನ್ನೂ ಇಳಿದ ದಿನಾಂಕದಲ್ಲಿ ಕಾಣದಿದ್ದರೆ ಅದು ಕಳೆ, ನೆಲವಲ್ಲ. ಇನ್ನೊಂದು ಸೂಕ್ಷ್ಮ: 2022ರ ಜನವರಿ 25ರ ನಂತರ ಸಂಸ್ಕರಿಸಿದ ಚಿತ್ರಗಳ ಪ್ರತಿ ಚುಕ್ಕೆಯ ಅಂಕಿಗೂ 1000 ಕೂಡಿಸಿರುತ್ತಾರೆ. ಗಡಿ ಸೊನ್ನೆಯಲ್ಲೇ ಇಟ್ಟರೆ ತೊಂದರೆಯಿಲ್ಲ, ವ್ಯತ್ಯಾಸದ ಚಿಹ್ನೆ ಬದಲಾಗದು. ಆದರೆ ಕೆಸರು ನೀರಿಗಾಗಿ ಗಡಿಯನ್ನು ಸೊನ್ನೆಯಿಂದ ಆಚೀಚೆ ಸರಿಸುವವರು ಮೊದಲು ಎರಡೂ ಪಟ್ಟಿಯಿಂದ 1000 ಕಳೆಯಲೇಬೇಕು, ಇಲ್ಲವಾದರೆ ಹಳೆಯ ಮತ್ತು ಹೊಸ ಚಿತ್ರಗಳ ಗೆರೆ ಒಂದಕ್ಕೊಂದು ಹೊಂದುವುದಿಲ್ಲ.

ನೀರಿನ ಭಾಗವನ್ನು ಪಾಲಿಗನ್ (ಮುಚ್ಚಿದ ಗೆರೆಯ ಆಕೃತಿ) ಮಾಡಿ, ಜಲಾಶಯದ ಮುಖ್ಯ ತುಂಡನ್ನು ಉಳಿಸಿಕೊಂಡು ಕೆರೆಕಟ್ಟೆಗಳನ್ನು ಅಳಿಸಿ. ನಿರ್ದೇಶಾಂಕ ಪದ್ಧತಿ ಯುಟಿಎಂ 43 ಉತ್ತರ, ಇಪಿಎಸ್‌ಜಿ ಸಂಖ್ಯೆ 32643. ನೆರೆಯ ಎರಡು ದಿನಾಂಕಗಳ ಪಾಲಿಗನ್ ನಡುವಿನ ವ್ಯತ್ಯಾಸ ತೆಗೆದರೆ ಒಂದು ಉಂಗುರದಂಥ ಪಟ್ಟಿ ಬರುತ್ತದೆ. ಉದಾಹರಣೆಗೆ 1790 ಮತ್ತು 1785ರ ನಡುವಿನ ಪಟ್ಟಿ. ಅದರೊಳಗೆ ನೆಲ 1785 ಇರಬಹುದು, 1790ಕ್ಕೆ ಹತ್ತಿರವೂ ಇರಬಹುದು. ಯಾವಾಗಲೂ ಮೇಲಿನ ಅಂಕಿಯನ್ನೇ, ಅಂದರೆ 1790ನ್ನೇ, ‘ತಳಮಟ್ಟ’ ಎಂಬ ಕಾಲಮ್ಮಿನಲ್ಲಿ ಬರೆಯಿರಿ. ನಡುವಿನ ಸರಾಸರಿ ಬರೆಯುವುದು ಜಾಣತನದಂತೆ ಕಾಣುತ್ತದೆ, ಆದರೆ ಅದು ಅರ್ಧ ಪಟ್ಟಿಯಲ್ಲಿ ನಿಮ್ಮನ್ನು ಮೋಸಮಾಡುತ್ತದೆ. ಎಲ್ಲಕ್ಕಿಂತ ತಗ್ಗಿನ ಚಿತ್ರದಲ್ಲೂ ನೀರಾಗಿಯೇ ಉಳಿದ ಭಾಗದ ತಳ ಆ ದಿನದ ಮಟ್ಟಕ್ಕಿಂತ ಕೆಳಗಿದೆ ಎಂಬುದು ಖಚಿತ. ಅದಕ್ಕೆ ಆ ದಿನದ ಮಟ್ಟವನ್ನೇ ಬರೆಯಿರಿ.

ಹಳೆಯ ಗದ್ದೆಬಯಲಿನಂಥ ಸಮನೆಲದಲ್ಲಿ ಗೆರೆಗಳು ದೂರ ದೂರ ಬೀಳುತ್ತವೆ. ಐವತ್ತಕ್ಕೆ ಒಂದರ ಇಳಿಜಾರಾದರೆ ಒಂದಡಿ ನೀರು ಇಳಿದಾಗ ಅಂಚು ಐವತ್ತು ಅಡಿ ಸರಿಯುತ್ತದೆ, ಹತ್ತು ಮೀಟರ್ ಚಿತ್ರಕ್ಕೆ ಅದು ಚೆನ್ನಾಗಿ ಕಾಣುತ್ತದೆ. ಕಡಿದಾದ ಗುಡ್ಡದ ಬದಿಯಲ್ಲಿ ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ಅದು ದೋಷವಲ್ಲ, ಅಲ್ಲಿ ದಡದಿಂದ ಸ್ವಲ್ಪ ಸರಿದರೆ ಆಳವೇ ಇದೆ.

ಮುಳುಗಡೆಗೆ ಮುಂಚಿನ ಟೋಪೋ ನಕ್ಷೆ ಸಿಕ್ಕರೆ ರಸ್ತೆ, ಊರು, ಹೊಳೆಯ ಮೂಲ ಪಾತ್ರ ಕಾಣುತ್ತವೆ, ಬಹಳ ಉಪಯುಕ್ತ. ಆದರೆ ಅವು ಎವರೆಸ್ಟ್ ಡೇಟಮ್‌ನಲ್ಲಿವೆ (ಡೇಟಮ್ ಎಂದರೆ ಅಕ್ಷಾಂಶ ರೇಖಾಂಶ ಲೆಕ್ಕಹಾಕುವ ಆಧಾರ), ಜಿಪಿಎಸ್ ಬೇರೆ ಡೇಟಮ್‌ನಲ್ಲಿ. ಅಂಚಿನ ಅಕ್ಷಾಂಶ ರೇಖಾಂಶಗಳನ್ನು ಹಾಗೇ ನಂಬಿ ಕೂರಿಸಿದರೆ ನಮ್ಮ ಸೀಮೆಯಲ್ಲಿ ಎಲ್ಲವೂ ನೂರೈವತ್ತು ಮೀಟರಿಗೂ ಹೆಚ್ಚು ಸರಿದು ಬೀಳುತ್ತದೆ. ಮುಳುಗದ ಗುಡ್ಡದ ನೆತ್ತಿ, ಇವತ್ತಿಗೂ ಇರುವ ರಸ್ತೆ ತಿರುವು, ಬೇಸಿಗೆಯಲ್ಲಿ ಮೇಲೆ ಬರುವ ಹಳೆಯ ರಸ್ತೆ, ಇಂಥ ಆರೆಂಟು ಬಿಂದುಗಳನ್ನು ಉಪಗ್ರಹ ಚಿತ್ರದೊಡನೆ ಕಟ್ಟಿ ಕ್ಯೂಜಿಐಎಸ್‌ನ ಜಿಯೋರೆಫರೆನ್ಸರಿನಲ್ಲಿ ಕೂರಿಸಿ.

ಬೊಡ್ಡೆಗಳ ಪಟ್ಟಿ

ಹತ್ತು ಮೀಟರಿನ ಚಿತ್ರದಲ್ಲಿ ಮರದ ಬೊಡ್ಡೆ ಕಾಣುವ ಮಾತೇ ಇಲ್ಲ. ಇದು ಕೈಯಿಂದಲೇ ಆಗಬೇಕು, ನೀರು ತಗ್ಗಿದ ಏಪ್ರಿಲ್, ಮೇನಲ್ಲೇ ಆಗಬೇಕು. ನೀವು ಸಾಮಾನ್ಯವಾಗಿ ಓಡಾಡುವ ದಾರಿಯ ಎರಡೂ ಬದಿ ಐವತ್ತು ಮೀಟರ್ ಗುರುತಿಸಿದರೂ ಅರ್ಧ ಅಪಾಯ ಕಳೆಯಿತು.

ಬೇಕಾದದ್ದು ಹುಟ್ಟು ಹಾಕುವ ದೋಣಿ, ಅಡಿ ಅಡಿಗೆ ಬಣ್ಣ ಹಚ್ಚಿದ ಹತ್ತಡಿ ಬಿದಿರು ಗಳ, ಫೋನು. ಫೋನಿನಲ್ಲಿ ಓರುಕ್ಸ್‌ಮ್ಯಾಪ್ಸ್ ಅಥವಾ ಓಎಸ್‌ಎಂಆಂಡ್ ಹಾಕಿ. ಬೊಡ್ಡೆಗೆ ದೋಣಿ ತಾಗಿಸಿ ನಿಂತು, ಒಂದು ನಿಮಿಷ ಜಿಪಿಎಸ್ ನೆಲೆಗೊಳ್ಳಲು ಬಿಟ್ಟು, ಬಿಂದು ಗುರುತಿಸಿ. ಗಳ ಹಿಡಿದು ನೀರಿನಿಂದ ಬೊಡ್ಡೆಯ ತುದಿ ಎಷ್ಟು ಮೇಲಿದೆ ಅಳೆಯಿರಿ. ಆ ದಿನದ ಜಲಾಶಯ ಮಟ್ಟಕ್ಕೆ ಅದನ್ನು ಕೂಡಿಸಿದರೆ ತುದಿಯ ಮಟ್ಟ. ಮಟ್ಟ 1784 ಇದ್ದಾಗ ನಾಲ್ಕೂವರೆ ಅಡಿ ಮೇಲಿದ್ದ ಬೊಡ್ಡೆಯ ತುದಿ 1788.5. ಬಿಂದುವಿನ ಹೆಸರಾಗಿ ‘ಬೊ 1788.5’ ಎಂದೇ ಬರೆಯಿರಿ. ಟಿಪ್ಪಣಿಯಲ್ಲಿ ಬರೆದದ್ದು ಚಾರ್ಟಿನ ಮೇಲೆ ಕಾಣುವುದಿಲ್ಲ, ಹೆಸರು ಕಾಣುತ್ತದೆ.

ಈ ಒಂದು ಅಂಕಿ ವರ್ಷವಿಡೀ ದುಡಿಯುತ್ತದೆ. ನೀರು 1790ಕ್ಕೆ ಬಂದ ದಿನ ಆ ಬೊಡ್ಡೆಯ ಮೇಲೆ ಒಂದೂವರೆ ಅಡಿ ನೀರು. ಕಣ್ಣಿಗೆ ಕಾಣುವುದಿಲ್ಲ, ಎಂಜಿನ್ನಿನ ಕಾಲಿಗೆ ಖಂಡಿತ ಹೊಡೆಯುತ್ತದೆ. 1805ರ ದಿನ ಹದಿನಾರೂವರೆ ಅಡಿ, ಚಿಂತೆಯಿಲ್ಲ. ನೀರಿಗೆ ಸಮವಾಗಿ ತುದಿ ಮಾತ್ರ ಕಾಣುವ ಬೊಡ್ಡೆಯನ್ನು ‘ಸೊನ್ನೆ ಅಡಿ’ ಎಂದು ಬರೆಯಲು ಸೋಮಾರಿತನ ಬೇಡ. ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಡುವವು ಅವೇ.

ನಿಮ್ಮ ದೋಣಿಗೆ ಎಷ್ಟು ನೀರು ಬೇಕು? ಪೂರ್ತಿ ಜನ, ಸಾಮಾನು ತುಂಬಿ, ನೀರಿನ ಮೇಲ್ಮೈಯಿಂದ ಎಂಜಿನ್ನಿನ ಕೆಳತುದಿಯ ರೆಕ್ಕೆಯವರೆಗೆ ಅಳೆಯಿರಿ. ಎರಡೂವರೆ ಅಡಿ ಬಂತೆನ್ನಿ. ಅಲೆಗೆ, ದೋಣಿಯ ಹಿಂಭಾಗ ತಗ್ಗುವುದಕ್ಕೆ ಒಂದಡಿ, ಮಟ್ಟದ ಮತ್ತು ಅಳತೆಯ ತಪ್ಪಿಗೆ ಒಂದೂವರೆ ಅಡಿ. ಒಟ್ಟು ಐದು. ಇದೇ ನಿಮ್ಮ ಕೆಂಪು ಗಡಿ.

ಮಟ್ಟಕ್ಕೊಂದು ನಕ್ಷೆ

ಕ್ಯೂಜಿಐಎಸ್ ಪ್ರಾಜೆಕ್ಟಿನಲ್ಲಿ ‘ಮಟ್ಟ’ ಎಂಬ ಚರಾಂಶ (ಬೇಕಾದಂತೆ ಬದಲಿಸುವ ಅಂಕಿ) ಇಟ್ಟುಕೊಳ್ಳಿ. ಪಟ್ಟಿಗಳಿಗೆ ನಿಯಮ ಆಧರಿಸಿದ ಬಣ್ಣ ಕೊಡಿ: ಮಟ್ಟದಿಂದ ತಳಮಟ್ಟ ಕಳೆದಾಗ ಸೊನ್ನೆಗಿಂತ ಕಡಿಮೆ ಬಂದರೆ ನೆಲದ ಬಣ್ಣ, ಐದರವರೆಗೆ ಕೆಂಪು, ಹತ್ತರವರೆಗೆ ಹಳದಿ, ಅದಕ್ಕೂ ಮೇಲೆ ತಿಳಿನೀಲಿ. ಬೊಡ್ಡೆಗಳಿಗೂ ಅದೇ ನಿಯಮ. ಆಳವಾಗಿ ಮುಳುಗಿದವು ಬೂದು ಚುಕ್ಕೆಯಾಗಿ ಉಳಿಯಲಿ, ಪೂರ್ತಿ ಮರೆಮಾಡಬೇಡಿ. ಚರಾಂಶವನ್ನು 1815, 1810, 1805 ಹೀಗೆ ಇಳಿಸುತ್ತ ಪ್ರತಿಯೊಂದಕ್ಕೂ ಒಂದು ನಕ್ಷೆ ಹೊರತೆಗೆಯಿರಿ. ದೋಣಿಯಲ್ಲಿ ಆ ದಿನದ ಮಟ್ಟಕ್ಕೆ ಸಮ ಅಥವಾ ಅದಕ್ಕಿಂತ ತಗ್ಗಿನ ನಕ್ಷೆಯನ್ನೇ ಬಳಸಬೇಕು. ಮಟ್ಟ 1807 ಇದ್ದರೆ 1805ರ ನಕ್ಷೆ, 1810ರದ್ದಲ್ಲ.

ಹೊರತೆಗೆಯಲು ಪ್ರೊಸೆಸಿಂಗ್ ಪೆಟ್ಟಿಗೆಯ ರಾಸ್ಟರ್ ಉಪಕರಣಗಳಲ್ಲಿ ‘ಜನರೇಟ್ ಎಕ್ಸ್‌ವೈಝಡ್ ಟೈಲ್ಸ್, ಎಂಬಿಟೈಲ್ಸ್’ ಇದೆ. ಜೂಮ್ 10ರಿಂದ 16, ಪಿಎನ್‌ಜಿ, 96 ಡಿಪಿಐ. ನಮ್ಮ ಅಕ್ಷಾಂಶದಲ್ಲಿ 16ನೇ ಜೂಮಿನ ಒಂದು ಚುಕ್ಕೆ ಸುಮಾರು 2.3 ಮೀಟರ್, ಒಂದು ಟೈಲು, ಅಂದರೆ ನಕ್ಷೆಯ ಒಂದು ಚೌಕ ತುಂಡು, 593 ಮೀಟರ್. ನಲವತ್ತು ಕಿಲೋಮೀಟರ್ ಉದ್ದ, ಮೂವತ್ತು ಅಗಲದ ಪ್ರದೇಶಕ್ಕೆ ಆ ಜೂಮಿನಲ್ಲಿ ಸುಮಾರು 3,400 ಟೈಲು. ಹದಿನೆಂಟರವರೆಗೆ ಹೋದರೆ ಅದು ಹದಿನಾರು ಪಟ್ಟಾಗುತ್ತದೆ, ಹತ್ತು ಮೀಟರಿನ ಮಾಹಿತಿಗೆ ಅದರಿಂದ ಎಳ್ಳಷ್ಟೂ ಲಾಭವಿಲ್ಲ. ಹೊಳೆಬಾಗಿಲು ಮತ್ತು ಕಳಸವಳ್ಳಿ ನಡುವಿನ ಹೊಸ ಸೇತುವೆಯನ್ನು ಕೈಯಿಂದ ಎಳೆದು ಸೇರಿಸಿ. ಅದು ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು, ಕಟ್ಟುವ ಮುಂಚಿನ ಚಿತ್ರಗಳಲ್ಲಿ ಕಂಬಗಳಿಲ್ಲ.

ಓಪನ್‌ಸಿಪಿಎನ್‌ನ ಚಾರ್ಟ್ ವಿಭಾಗದಲ್ಲಿ ಆ ಫೋಲ್ಡರನ್ನು ಸೇರಿಸಿ, ಡೇಟಾಬೇಸ್ ಹೊಸದಾಗಿ ಕಟ್ಟಲು ಹೇಳಿ. ಪ್ರತಿ ಮಟ್ಟಕ್ಕೊಂದು ಚಾರ್ಟ್ ಗ್ರೂಪ್ ಮಾಡಿ. ನಕ್ಷೆ ಕಾಣದಿದ್ದರೆ ಪರದೆಯ ಕೆಳಗಿನ ಚಾರ್ಟ್ ಪಟ್ಟಿಯಲ್ಲಿ ಅದರ ತುಂಡಿನ ಮೇಲೆ ಒಮ್ಮೆ ಒತ್ತಿ, ಎಂಬಿಟೈಲ್ಸ್ ಹೀಗೆ ಒತ್ತಿದರೆ ಮರೆಯಾಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ಎರಡು ಮಟ್ಟದ ನಕ್ಷೆ ಒಟ್ಟಿಗೆ ತೆರೆದಿರಲು ಎಂದೂ ಬಿಡಬೇಡಿ. ಫೋನಿನಲ್ಲಿ ಗುರುತಿಸಿದ ಬೊಡ್ಡೆಗಳ ಬಿಂದುಗಳಿರುವ ಜಿಪಿಎಕ್ಸ್ ಕಡತವನ್ನು ರೂಟ್ ಆಂಡ್ ಮಾರ್ಕ್ ಮ್ಯಾನೇಜರ್ ಮೂಲಕ ಒಳಗೆ ತನ್ನಿ, ಒಂದೊಂದಕ್ಕೂ 20 ಮೀಟರಿನ ಒಂದು ಉಂಗುರ ಕೊಡಿ. ನಿಮ್ಮ ಜಿಪಿಎಸ್ ಮತ್ತು ಗುರುತಿಸಿದ ಫೋನಿನ ಜಿಪಿಎಸ್ ಎರಡರ ತಪ್ಪೂ ಕೂಡಿ ಅಷ್ಟು ಆಗಬಹುದು.

ಅಲಾರಮ್ಮಿಗೆ ಎರಡು ಪ್ಲಗಿನ್ (ತಂತ್ರಾಂಶಕ್ಕೆ ಸೇರಿಸುವ ಹೆಚ್ಚುವರಿ ತುಂಡು) ಬೇಕು: ಡ್ರಾ ಮತ್ತು ವಾಚ್‌ಡಾಗ್. ಮನೆಯಲ್ಲೇ ಇಂಟರ್ನೆಟ್ ಇರುವಾಗ ಹಾಕಿಕೊಳ್ಳಿ. ಡ್ರಾನಲ್ಲಿ ಕೆಂಪು ಪ್ರದೇಶಗಳ ಸುತ್ತ ಬೇಲಿ ಎಳೆದು, ವಾಚ್‌ಡಾಗ್‌ನಲ್ಲಿ ಬೌಂಡರಿ ಅಲಾರಂ ಇಡಿ. ಎಚ್ಚರಿಕೆಯನ್ನು ದೂರಕ್ಕಿಂತ ಸಮಯಕ್ಕೆ ಕಟ್ಟುವುದು ಲೇಸು. ವೇಗ ಹೆಚ್ಚಾದಷ್ಟೂ ಮುಂಚೆ ಕೂಗುತ್ತದೆ. ಎಂಜಿನ್ ಸದ್ದಿನಲ್ಲಿ ಲ್ಯಾಪ್‌ಟಾಪಿನ ಸ್ಪೀಕರ್ ಕೇಳಿಸದು, ಹೊರಗಿನ ಸ್ಪೀಕರ್ ಜೋಡಿಸಿ.

ದೋಣಿಯಲ್ಲಿ ಕೂರಿಸುವುದು

ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದನ್ನೇ ಬಳಸಿ. ರಾಸ್‌ಬೆರಿ ಪೈ ಅಗ್ಗ ಎನ್ನುವ ಮಾತು ಪರದೆ, 12 ವೋಲ್ಟನ್ನು 5ಕ್ಕೆ ಇಳಿಸುವ ಪರಿವರ್ತಕ, ಡಬ್ಬಿ, ಕಾರ್ಡ್ ಎಲ್ಲ ಸೇರಿಸಿದಾಗ ನಿಲ್ಲುವುದಿಲ್ಲ. ಪೈ ಗೆಲ್ಲುವುದು ವಿದ್ಯುತ್ತಿನಲ್ಲಿ. 12 ವೋಲ್ಟ್, 42 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೆ ಸುಮಾರು 250 ವ್ಯಾಟ್-ಗಂಟೆ. 20 ವ್ಯಾಟಿನ ಲ್ಯಾಪ್‌ಟಾಪ್ ಪರಿವರ್ತಕದ ನಷ್ಟ ಕಳೆದು ಹತ್ತು ಗಂಟೆ ಓಡುತ್ತದೆ, 10 ವ್ಯಾಟಿನ ಪೈ ಮತ್ತು ಏಳಿಂಚಿನ ಪರದೆ ಇಪ್ಪತ್ತು ಗಂಟೆ. ಒಂದು ದಿನದ ಓಡಾಟಕ್ಕೆ ಎರಡೂ ಸಾಕು.

ಪೈ ಹಾಕುವವರು ಸೋಲುವುದು 5 ವೋಲ್ಟಿನ ವೈರಿನಲ್ಲಿ. ಒಂದೂವರೆ ಮೀಟರಿನ ತೆಳು ಚಾರ್ಜಿಂಗ್ ಕೇಬಲ್‌ನ ಹೋಗಿಬರುವ ತಂತಿಯ ರೋಧ ಕಾಲು ಓಮ್ ಇದ್ದರೂ ಎರಡೂವರೆ ಆಂಪಿಯರಿಗೆ 0.6 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಪೈಗೆ 4.63 ವೋಲ್ಟಿಗಿಂತ ಕಡಿಮೆ ಬಂದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತದೆ, ಯುಎಸ್‌ಬಿ ಜಿಪಿಎಸ್ ಕಳಚಿದಂತಾಗಿ ಸ್ಥಾನ ಹೋಗುತ್ತದೆ. ಜನ ಜಿಪಿಎಸ್ಸನ್ನು ಬಯ್ಯುತ್ತಾರೆ, ತಪ್ಪು ವೈರಿನದ್ದು. 12 ವೋಲ್ಟನ್ನೇ ದೂರ ಒಯ್ದು, ಪರಿವರ್ತಕವನ್ನು ಪೈನಿಂದ ಒಂದಡಿಯೊಳಗೆ ಕೂರಿಸಿ. ಐದು ಆಂಪಿಯರಿನ ಪರಿವರ್ತಕ ತನ್ನಿ. ‘ಮೂರು ಆಂಪಿಯರ್’ ಎಂದು ಮಾರುವ ಎಲ್‌ಎಂ2596 ಚಿಪ್ಪಿನ ಪರಿವರ್ತಕ ಎರಡು ದಾಟಿದರೆ ಕೈ ಸುಡುವಷ್ಟು ಕಾಯುತ್ತದೆ. ಪೈಗೆ ಜೋಡಿಸುವ ಮೊದಲು ಮಲ್ಟಿಮೀಟರ್ ಇಟ್ಟು 5.1 ವೋಲ್ಟಿಗೆ ತಿರುಗಿಸಿ, ಸ್ಕ್ರೂ ಮೇಲೆ ಒಂದು ತೊಟ್ಟು ನೈಲ್‌ಪಾಲಿಷ್ ಹಾಕಿ, ನಡುಗಿದರೂ ತಿರುಗದು. ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ 3 ಆಂಪಿಯರ್ ಫ್ಯೂಸ್, ಅಲ್ಲಿಂದ 1.5 ಚದರ ಮಿಲಿಮೀಟರಿನ ತಾಮ್ರದ ವೈರ್.

ಲಿನಕ್ಸಿನಲ್ಲಿ ಜಿಪಿಎಸ್ ಕಳಚಿ ಮತ್ತೆ ಸೇರಿದಾಗ ಪೋರ್ಟಿನ ಹೆಸರು ಸೊನ್ನೆಯಿಂದ ಒಂದಕ್ಕೆ ಬದಲಾಗುತ್ತದೆ, ಓಪನ್‌ಸಿಪಿಎನ್ ಹಳೆಯ ಹೆಸರನ್ನೇ ಕಾಯುತ್ತ ಕೂರುತ್ತದೆ. ಜಿಪಿಎಸ್ ಮಾಹಿತಿಯನ್ನು ಹಂಚುವ ಜಿಪಿಎಸ್‌ಡಿ ತಂತ್ರಾಂಶವನ್ನು ನಡುವೆ ಇಟ್ಟು ಅದರ 2947ನೇ ಪೋರ್ಟಿಗೆ ಓಪನ್‌ಸಿಪಿಎನ್ ಜೋಡಿಸಿದರೆ ಈ ತಲೆನೋವಿಲ್ಲ. ಪೈ 4ರಲ್ಲಿ ಗಡಿಯಾರದ ಬ್ಯಾಟರಿಯೂ ಇಲ್ಲ. ಜಿಪಿಎಸ್‌ನಿಂದ ಸಮಯ ತೆಗೆದುಕೊಳ್ಳುವಂತೆ ಹೊಂದಿಸದಿದ್ದರೆ ನಡೆದ ದಾರಿಯ ದಾಖಲೆಗೆ ತಪ್ಪು ದಿನಾಂಕ ಬೀಳುತ್ತದೆ, ದಿನಾಂಕ ತಪ್ಪಿದರೆ ಆ ದಿನದ ಮಟ್ಟವೂ ತಪ್ಪಿದಂತೆಯೇ.

ಬಿಸಿಲಲ್ಲಿ ಸಾಮಾನ್ಯ ಪರದೆ ಕಾಣುವುದಿಲ್ಲ. ಕಪ್ಪು ರೆಕ್ಸಿನ್ನಿನ ಮರೆಯನ್ನು ಮೂರು ಬದಿಗೆ ಒಂದೊಂದಡಿ ಮುಂದಕ್ಕೆ ಬರುವಂತೆ ಹೊಲಿಸಿದರೆ ದುಬಾರಿ ಪರದೆಯ ಖರ್ಚು ಉಳಿಯುತ್ತದೆ. ಮಲೆನಾಡಿನ ತೇವಕ್ಕೆ ಮುಚ್ಚಿದ ಡಬ್ಬಿ ಬೇಕು, ವೈರುಗಳು ಡಬ್ಬಿಯ ಕೆಳಬದಿಯಿಂದ ಒಳಹೋಗಲಿ, ಒಳಹೋಗುವ ಮೊದಲು ಒಂದು ಸುತ್ತು ಜೋತಾಡಲಿ. ಹನಿ ಆ ಸುತ್ತಿನ ತಳದಿಂದಲೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ. ಒಳಗಿಟ್ಟ ಸಿಲಿಕಾ ಪೊಟ್ಟಣವನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಒಣಗಿಸಿ.

ಸದ್ದಿನಿಂದ ಆಳ ಅಳೆಯುವ ಎಕೋ ಸೌಂಡರ್ ಕೊಳ್ಳುವುದಾದರೆ ಎನ್‌ಎಂಇಎ 0183 ಹೊರಕೊಡುತ್ತದೆ ಎಂದು ಕೈಪಿಡಿಯಲ್ಲಿ ನೋಡಿಯೇ ಕೊಳ್ಳಿ, ಇಲ್ಲವಾದರೆ ಆಳದ ಅಂಕಿ ಓಪನ್‌ಸಿಪಿಎನ್‌ಗೆ ಬರುವುದಿಲ್ಲ. ಆದರೆ ಅದು ತೋರಿಸುವುದು ದೋಣಿಯ ಅಡಿಯ ಆಳ, ಮುಂದಿರುವ ಬೊಡ್ಡೆಯನ್ನಲ್ಲ. ನಕ್ಷೆ ಸರಿಯಿದೆಯೇ ಎಂದು ಪರೀಕ್ಷಿಸಲು ಅದಕ್ಕಿಂತ ಅಗ್ಗದ್ದು ಗುಂಡು ಕಟ್ಟಿದ ಹಗ್ಗ. ಒಂದೂವರೆ ಕಿಲೋ ತೂಕ, ಅಡಿಗೊಂದು ಬಣ್ಣದ ದಾರ.

ಮೊದಲ ಪರೀಕ್ಷೆ ಗಾಳಿ ಇಲ್ಲದ ಬೆಳಿಗ್ಗೆ, ಕಾವಳ ಕರಗಿದ ಮೇಲೆ. ಹಳದಿ ಮತ್ತು ಕೆಂಪಿನ ಗಡಿಯ ಮೇಲೆ, ಎಂಜಿನ್ ಎತ್ತಿ, ಹುಟ್ಟು ಹಾಕುತ್ತ ಸಾಗಿ ಇಪ್ಪತ್ತು ಕಡೆ ಹಗ್ಗ ಬಿಡಿ. ಎಲ್ಲಿಯೂ ಐದು ಅಡಿಗಿಂತ ಕಡಿಮೆ ಬರಬಾರದು. ಒಂದೆರಡು ಕಡೆ ಬಂದರೆ ಆ ಪಟ್ಟಿಯ ತಳಮಟ್ಟ ತಿದ್ದಿ. ಎಲ್ಲ ಕಡೆ ಒಂದೇ ಸಮನೆ ಕಡಿಮೆ ಬಂದರೆ ಆ ದಿನದ ಮಟ್ಟವನ್ನು ತಪ್ಪಾಗಿ ಓದಿದ್ದೀರಿ. ಒಂದು ದಡದಲ್ಲಿ ಹೆಚ್ಚು, ಎದುರು ದಡದಲ್ಲಿ ಕಡಿಮೆ ಬಂದರೆ ನಕ್ಷೆಯೇ ಬದಿಗೆ ಸರಿದು ಕೂತಿದೆ, ನಿರ್ದೇಶಾಂಕ ಪದ್ಧತಿಯನ್ನು ಮತ್ತೊಮ್ಮೆ ನೋಡಿ. ಇಷ್ಟು ಮುಗಿಯುವವರೆಗೆ ಆ ನಕ್ಷೆ ನಂಬಿ ಎಂಜಿನ್ ಇಳಿಸಬೇಡಿ.